ಜಂಪ್ ಸ್ಟಾರ್ಟ್ ಅಂದರೆ ತಳ್ಳುವುದಲ್ಲ

‘ಬ್ಯಾಟರಿ ಡೌನ್, ನಾಲ್ಕು ಜನ ಬನ್ನಿ, ಜಂಪ್ ಸ್ಟಾರ್ಟ್ ಮಾಡೋಣ.’ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಮಾತು. ಸ್ವಾಮಿ, ನಾಲ್ಕು ಜನ ಬೇಕಿರುವುದು ತಳ್ಳುವುದಕ್ಕೆ. ಜಂಪ್ ಸ್ಟಾರ್ಟ್‌ಗೆ ಬೇಕಿರುವುದು ಇನ್ನೊಂದು ಬ್ಯಾಟರಿ ಮತ್ತು ಎರಡು ದಪ್ಪ ಕೇಬಲ್.

ಇಲ್ಲಿರುವ ‘ಜಂಪ್’ ಗಾಡಿ ಎಗರುವುದಲ್ಲ, ಜಂಪರ್ ತಂತಿಯದು. ನಡುವೆ ಬಿಟ್ಟುಹೋದ ಜಾಗ ದಾಟಿಸಿ ಕರೆಂಟ್ ಹರಿಸುವ ತುಂಡು ತಂತಿಗೆ ಜಂಪರ್ ಅನ್ನುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಲೈನ್‌ಮನ್ ‘ಜಂಪರ್ ಕಟ್ ಆಗಿದೆ ಸಾರ್’ ಅನ್ನುವುದನ್ನು ಕೇಳಿದ್ದೀರಲ್ಲ, ಅದೇ. ಕಂಬದ ಮೇಲಿನ ಪದ ಇಲ್ಲಿ ಎರಡು ಬಾನೆಟ್‌ಗಳ ನಡುವೆ ಬಂದಿದೆ. ಕೆಲವು ಇಂಗ್ಲಿಷ್ ನಿಘಂಟುಗಳು ತಳ್ಳಿ ಕ್ಲಚ್ ಬಿಡುವುದನ್ನೂ ಇದರೊಳಗೇ ಸೇರಿಸಿವೆ. ಸೇರಿಸಿಕೊಳ್ಳಲಿ. ಕ್ಲಚ್ ಪೆಡಲ್ಲೇ ಇಲ್ಲದ ಆಟೊಮ್ಯಾಟಿಕ್ ಕಾರನ್ನು ಬೇಸ್‌ಮೆಂಟ್ ತುಂಬಾ ಸುಮ್ನೆ ತಳ್ಳಿ ಬೆವರಿದವರಿಗೆ ವ್ಯತ್ಯಾಸ ಗೊತ್ತು.

ಕೆಂಪು ಕೇಬಲ್ ಪ್ಲಸ್‌ನಿಂದ ಪ್ಲಸ್‌ಗೆ, ಮೊದಲು ಡೌನ್ ಆದ ಕಡೆ. ಇದರಲ್ಲಿ ಯಾರೂ ಜಾಸ್ತಿ ತಪ್ಪುವುದಿಲ್ಲ. ತಪ್ಪುವುದು ಕಪ್ಪು ಕೇಬಲ್‌ನಲ್ಲಿ. ‘ಮೈನಸ್‌ಗೆ ಮೈನಸ್’ ಅಂತ ಎಲ್ಲರಿಗೂ ಬಾಯಿಪಾಠ. ಅದರ ಒಂದು ತುದಿ ಒಳ್ಳೆ ಬ್ಯಾಟರಿಯ ಮೈನಸ್‌ಗೆ ಸರಿ. ಇನ್ನೊಂದು ತುದಿ ಡೌನ್ ಆದ ಬ್ಯಾಟರಿಗಲ್ಲ, ಅದರಿಂದ ದೂರ, ಆ ಕಾರಿನ ಎಂಜಿನ್‌ನಲ್ಲಿ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ. ಮೆಕ್ಯಾನಿಕ್‌ಗಳು ಅರ್ತ್ ಅನ್ನುವುದು ಇದಕ್ಕೇ. ಕೊನೆಯ ಕ್ಲಿಪ್ ಕಚ್ಚುವಾಗ ‘ಚಟ್’ ಅಂತ ಸಣ್ಣ ಕಿಡಿ ಹಾರುತ್ತದೆ. ಬ್ಯಾಟರಿಯ ಸುತ್ತ ಹೈಡ್ರೋಜನ್ ಸೂಸಿರಬಹುದು. ಕಿಡಿ ಅಲ್ಲೇ ಹಾರಿದರೆ ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಬರಬಹುದು. ಬಿಚ್ಚುವಾಗ ಮೊದಲು ತೆಗೆಯಬೇಕಾದದ್ದೂ ಈ ಅರ್ತ್ ಕ್ಲಿಪ್ಪನ್ನೇ.

ಎರಡೂ ಬ್ಯಾಟರಿ 12 ವೋಲ್ಟ್ ಇರಬೇಕು. ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್. ಡ್ರೈವರ್ ಎಷ್ಟೇ ಒಳ್ಳೆಯವನಾದರೂ ‘ಬೇಡಣ್ಣ’ ಅನ್ನಿ. ಊದಿದ ಅಥವಾ ಬಿರುಕು ಬಿಟ್ಟ ಬ್ಯಾಟರಿಗಂತೂ ಕೇಬಲ್ ತಾಗಿಸಲೇಬೇಡಿ.

ಇನ್ನು ಡೌನ್ ಮತ್ತು ಡೆಡ್. ಇವನ್ನೂ ಒಂದೇ ಮಾಡಿಟ್ಟಿದ್ದೇವೆ. ರಾತ್ರಿ ಲೈಟ್ ಆರಿಸಲು ಮರೆತು ಚಾರ್ಜ್ ಇಳಿದರೆ ಡೌನ್. ಚಾರ್ಜ್ ಮಾಡಿದರೂ ಹಿಡಿಯದಿದ್ದರೆ ಡೆಡ್. ಪೂರ್ತಿ ಚಾರ್ಜ್ ಆಗಿ ನಿಂತಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಜಂಪ್ ಕೊಟ್ಟು ಒಂದು ಗಂಟೆ ಓಡಿಸಿದ ಮೇಲೂ ಮರುದಿನ ಬೆಳಗ್ಗೆ ಕಾರು ಸ್ಟಾರ್ಟ್ ಆಗದೆ ಬರೀ ‘ಟಕ್ ಟಕ್’ ಅಂದರೆ ಮತ್ತೆ ಕೇಬಲ್ ಹುಡುಕಬೇಡಿ. ಬ್ಯಾಟರಿಯ ಜೊತೆಗೆ, ಎಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಚೆಕ್ ಮಾಡಿಸಿ.