ಮೂರು ಮೊಳ ಬಾಕಿ ಇದ್ದಾಗ ಕೇಳಿಸಿದ ದನಿ

ಜೆರುಸಲೇಮಿನ ಕೋಟೆಗೋಡೆ ದಾಟಿ ದಕ್ಷಿಣಕ್ಕೆ ಇಳಿದರೆ ಗೀಹೋನ್ ಎಂಬ ಬುಗ್ಗೆ ಸಿಗುತ್ತದೆ. ಅಲ್ಲಿಂದ ಶುರುವಾಗುವ ಸುರಂಗದಲ್ಲಿ ಇವತ್ತಿಗೂ ನೀರು ಹರಿಯುತ್ತಿದೆ. ಟಾರ್ಚ್ ಹಿಡಿದು ಒಳಗೆ ಇಳಿದರೆ ಮೊದಲು ತೊಡೆಮಟ್ಟ ನೀರು, ಆಮೇಲೆ ಮೊಣಕಾಲುಮಟ್ಟ. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗ. ಹೀಗೆ 533 ಮೀಟರ್ ನಡೆದರೆ ಸಿಲೋವ ಕೊಳದ ಹತ್ತಿರ ಬೆಳಕು ಕಾಣುತ್ತದೆ.

ಹಿಜ್ಕೀಯ ಎಂಬ ಅರಸ ಕೊಳ ಕಟ್ಟಿಸಿ, ಕಾಲುವೆ ತೋಡಿಸಿ ಊರಿಗೆ ನೀರು ತಂದ ಅಂತ ಬೈಬಲ್ ಹೇಳುತ್ತದೆ. ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ರಾಜ ಸನ್ಹೇರೀಬ ದಂಡೆತ್ತಿ ಬಂದಿದ್ದ. ಬುಗ್ಗೆ ಇದ್ದದ್ದು ಊರಂಚಿನ ಕಣಿವೆಯಲ್ಲಿ. ಮುತ್ತಿಗೆ ಹಾಕಿದವರಿಗೆ ಆ ನೀರು ಸಿಗಬಾರದು, ಒಳಗಿದ್ದವರಿಗೆ ತಪ್ಪಬಾರದು.

ನನಗೆ ರಾಜನಿಗಿಂತ ಜಾಸ್ತಿ ಕಾಡುವುದು ಬಂಡೆ ಕಡಿದವರು. ಎರಡು ತಂಡ, ಎರಡು ತುದಿಯಿಂದ, ದಿಕ್ಸೂಚಿ ಇಲ್ಲದೆ ಕತ್ತಲೆಯಲ್ಲಿ ಕಡಿಯುತ್ತಾ ಬಂದರು. ದಾರಿಯೂ ನೇರ ಇಲ್ಲ, ಹಾವಿನ ಹಾಗೆ ಸುತ್ತುತ್ತದೆ. ನಡುಭಾಗಕ್ಕೆ ಬಂದಾಗ ಗೋಡೆ ಮೇಲೆ ಸ್ವಲ್ಪ ಬೆಳಕು ಬಿಡಿ. ಅಲ್ಲಿವರೆಗೆ ಒಂದೇ ಕಡೆ ಓರೆಯಾಗಿದ್ದ ಪಿಕಾಸಿ ಗುರುತುಗಳು ಇಲ್ಲಿಂದ ಉಲ್ಟಾ ಓರೆಯಾಗಿವೆ. ಪಕ್ಕದಲ್ಲೇ ಸ್ವಲ್ಪ ದೂರ ಕಡಿದು ಕೈಬಿಟ್ಟ ಮೊಂಡು ಕವಲುಗಳಿವೆ. ಇತ್ತ ಕಡಿದು ನೋಡಿ, ಅಲ್ಲ ಅನ್ನಿಸಿ, ಅತ್ತ ತಿರುಗಿದ್ದಾರೆ. ಸುಣ್ಣಕಲ್ಲಿನ ಸಹಜ ಬಿರುಕು ಹಿಡಿದು ಬಂದರು ಅಂತ ಕೆಲವರು ಹೇಳುತ್ತಾರೆ. ಗುಡ್ಡದ ಮೇಲಿಂದ ಬಂಡೆಗೆ ಬಡಿದು ಸದ್ದಿನಿಂದ ದಾರಿ ತೋರಿಸಿದರು ಅಂತ ಇನ್ನು ಕೆಲವರು. ಈ ಅಂಕುಡೊಂಕು ನೋಡಿದರೆ ಸದ್ದಿನ ಮಾತೇ ನನಗೆ ಸರಿ ಅನ್ನಿಸುತ್ತದೆ. ಅಷ್ಟೆಲ್ಲ ತಡಕಾಡಿದರೂ ತುದಿಯಿಂದ ತುದಿಗೆ ಇಳಿಜಾರು ಬರೀ 30 ಸೆಂಟಿಮೀಟರ್ ಆಸುಪಾಸು!

1880ರಲ್ಲಿ ಕೊಳದ ಕಡೆಯ ಗೋಡೆಯಲ್ಲಿ ಒಂದು ಹೀಬ್ರೂ ಶಾಸನ ಸಿಕ್ಕಿತು. ಈಗ ಅದು ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ. ಇನ್ನು ಮೂರು ಮೊಳ ಬಾಕಿ ಇದ್ದಾಗ ಆ ಕಡೆಯವನು ಕೂಗುವುದು ಈ ಕಡೆಯವರಿಗೆ ಕೇಳಿಸಿತು, ಪಿಕಾಸಿಗೆ ಪಿಕಾಸಿ ಎದುರಾಯಿತು, ನೀರು 1,200 ಮೊಳ ಹರಿಯಿತು ಅಂತ ಅದರಲ್ಲಿದೆ.

ಆದರೆ ಶಾಸನದಲ್ಲಿ ಯಾವ ರಾಜನ ಹೆಸರೂ ಇಲ್ಲ. ಹಾಗಾಗಿ ಸುರಂಗ ಹಿಜ್ಕೀಯನ ಕಾಲದ್ದಲ್ಲ, ನೂರಾರು ವರ್ಷ ಈಚಿನದು ಎಂಬ ವಾದವೂ ಎದ್ದಿತ್ತು. 2003ರಲ್ಲಿ ಭೂವಿಜ್ಞಾನಿ ಆಮೋಸ್ ಫ್ರಮ್ಕಿನ್ ಮತ್ತು ಜೊತೆಗಾರರು ಎರಡು ದಾರಿಯಲ್ಲಿ ವಯಸ್ಸು ಅಳೆದರು. ಒಂದು, ನೀರು ತೊಟ್ಟಿಕ್ಕಿ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕಡ್ಡಿ. ನೀರಿನಲ್ಲಿ ಯುರೇನಿಯಂ ಕರಗಿರುತ್ತದೆ, ಥೋರಿಯಂ ಕರಗುವುದಿಲ್ಲ ಅಂತಲೇ ಹೇಳಬಹುದು. ಕಡ್ಡಿಯೊಳಗೆ ಸೇರಿದ ಯುರೇನಿಯಂ ಕ್ರಮೇಣ ಥೋರಿಯಂ ಆಗುತ್ತದೆ. ಅದು ಎಷ್ಟಿದೆ ಅಂತ ಅಳೆದರೆ ಕಡ್ಡಿಯ ವಯಸ್ಸು ತಿಳಿಯುತ್ತದೆ. ಕಡ್ಡಿ ಬೆಳೆದದ್ದು ಸುರಂಗ ಕಡಿದ ಮೇಲೆ ತಾನೇ? ಆ ಕಡ್ಡಿಗೇ 2,000 ವರ್ಷ ದಾಟಿತ್ತು. ಇನ್ನೊಂದು, ನೀರು ಸೋರದಿರಲಿ ಅಂತ ಬಳಿದ ಗಾರೆ. ಅದನ್ನು ಕಲಸುವಾಗ ಗಿಡಗಳ ಚೂರುಗಳು ಸೇರಿಕೊಂಡಿದ್ದವು. ಗಿಡ ಸತ್ತ ಮೇಲೆ ಕ್ರಮೇಣ ಕಡಿಮೆಯಾಗುತ್ತಾ ಹೋಗುವ ವಿಕಿರಣಶೀಲ ಕಾರ್ಬನ್ ಅವುಗಳಲ್ಲಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಿದಾಗ ಸಿಕ್ಕ ಕಾಲ ಕ್ರಿ.ಪೂ. 700ರ ಆಸುಪಾಸು, ಹಿಜ್ಕೀಯನ ದಿನಗಳೇ.