ಮೇ ಬಂದರೂ ಚಿಗುರದ ಬಟರ್‌ಫ್ಲೈ ವೀಡ್

ಪ್ರಶ್ನೆ: ನಾವು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಶಿಕಾಗೊ ಹೊರವಲಯದಲ್ಲಿ ನೆಲೆಸಿದ್ದೇವೆ. ಹೋದ ವರ್ಷ ನರ್ಸರಿಯಿಂದ ತಂದು ನೆಟ್ಟ ಬಟರ್‌ಫ್ಲೈ ವೀಡ್ ಬೇಸಿಗೆಯಲ್ಲಿ ಚೆನ್ನಾಗಿ ಹೂ ಬಿಟ್ಟಿತ್ತು. ಈಗ ಮೇ ಎರಡನೆಯ ವಾರವಾದರೂ ಚಿಗುರಿನ ಸುಳಿವಿಲ್ಲ. ಸತ್ತಿದೆಯೆಂದು ತಿಳಿದು ಕಿತ್ತುಹಾಕಬಹುದೇ?

ಉತ್ತರ: ಈಗಲೇ ಕೀಳಬೇಡಿ. ಆಸ್ಕ್ಲೇಪಿಯಾಸ್ ಟ್ಯುಬರೋಸ ಎಂಬ ಈ ಗಿಡ ಪ್ರೇರಿ ಹುಲ್ಲುಗಾವಲಿನ ಬಹುವಾರ್ಷಿಕಗಳಲ್ಲೇ ತಡವಾಗಿ ಏಳುವಂಥದ್ದು. ಮಣ್ಣು ಚೆನ್ನಾಗಿ ಬೆಚ್ಚಗಾಗುವವರೆಗೆ ಅದು ಅಲುಗುವುದಿಲ್ಲವಾದ್ದರಿಂದ, ನಿಮ್ಮ ಸೀಮೆಯಲ್ಲಿ ಮೇ ಕೊನೆಗೋ ಜೂನ್ ಆರಂಭಕ್ಕೋ ಮೊದಲ ಕುಡಿ ಕಾಣಿಸಿದರೆ ಅದು ಸಹಜವೇ. ಜೂನ್ ನಡುವಿನವರೆಗೆ ಕಾಯಿರಿ. ಅಷ್ಟರಲ್ಲಿ ಕಳೆ ತೆಗೆಯುವವರ ಸಲಿಕೆ ಬೀಳದಂತೆ ಆ ಜಾಗದಲ್ಲಿ ಒಂದು ಕಡ್ಡಿ ನೆಟ್ಟಿರಿ. ಮುಂದಿನ ಚಳಿಗಾಲಕ್ಕೆ ಮೊದಲು ಒಣಗಿದ ಕಾಂಡಗಳನ್ನು ಬುಡಸಮೇತ ಕತ್ತರಿಸದೆ ಗೇಣುದ್ದ ಉಳಿಸಿಕೊಂಡರೆ ಅವೇ ಗುರುತಾಗುತ್ತವೆ.

ಕಾಯುವ ತಾಳ್ಮೆ ಇಲ್ಲದಿದ್ದರೆ ಹಳೆಯ ಕಾಂಡದ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಬಹುದು. ಬೇರಿನ ತಲೆ ಗಟ್ಟಿಯಾಗಿದ್ದರೆ ಗಿಡ ಬದುಕಿದೆ; ಒತ್ತಿದಾಗ ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಮಾತ್ರ ಆಸೆ ಬಿಡಬೇಕು.

ಸತ್ತಿದ್ದರೆ ಅದಕ್ಕೆ ಚಳಿ ಕಾರಣವಾಗಿರುವ ಸಂಭವ ಕಡಿಮೆ, ಏಕೆಂದರೆ ಸೊನ್ನೆಗಿಂತ 35 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಚಳಿಯನ್ನೂ ತಡೆದುಕೊಳ್ಳುವ ಗಿಡವಿದು. ಅದನ್ನು ಕೊಲ್ಲುವುದು ಚಳಿಗಾಲದಲ್ಲಿ ಬುಡದಲ್ಲಿ ನಿಲ್ಲುವ ನೀರು. ಆಳಕ್ಕಿಳಿಯುವ ದಪ್ಪ ತಾಯಿಬೇರು ಬರಗಾಲದಲ್ಲಿ ಗಿಡವನ್ನು ಕಾಪಾಡುತ್ತದೆ, ಆದರೆ ನೀರು ಬಸಿಯದ ಜೇಡಿಮಣ್ಣಿನಲ್ಲಿ ಅದೇ ಬೇರು ಕೊಳೆಯುತ್ತದೆ. ಇಡೀ ದಿನ ಬಿಸಿಲು ಬೀಳುವ, ಮರಳು ಬೆರೆತ ಬಡ ಮಣ್ಣೇ ಅದಕ್ಕೆ ಹಿತ. ಗೊಬ್ಬರ ಹಾಕಿದರೆ ಕಾಂಡ ಸೊಕ್ಕಿ ಬೆಳೆದು ಅಡ್ಡ ಬೀಳುತ್ತದೆ. ನಮ್ಮವರಿಗೆ ನೀರು ಗೊಬ್ಬರ ಕೊಡದೆ ಗಿಡ ಸಾಕುವುದೆಂದರೆ ಏನೋ ತಪ್ಪು ಮಾಡಿದಂತೆ ಅನ್ನಿಸುತ್ತದೆ, ಆದರೆ ಬೇರೂರಿದ ಮೇಲೆ ಇದಕ್ಕೆ ಎರಡೂ ಹೆಚ್ಚುಕಡಿಮೆ ಬೇಡ. ನಿಮ್ಮ ಹಿತ್ತಲಿನದು ಜೇಡಿಮಣ್ಣಾಗಿದ್ದರೆ ಏರುಮಡಿ ಮಾಡಿ ನೆಡಿರಿ. ಅದೂ ಆಗದಿದ್ದರೆ ತೇವವನ್ನು ಸಹಿಸುವ ಇದರ ಸೋದರಗಿಡ ಸ್ವಾಂಪ್ ಮಿಲ್ಕ್‌ವೀಡ್ ಒಳ್ಳೆಯದು.

ಇನ್ನೊಂದು ಅನುಮಾನವನ್ನೂ ಬಗೆಹರಿಸಿಕೊಳ್ಳಬೇಕು: ನೀವು ತಂದದ್ದು ನಿಜವಾಗಿ ಈ ಗಿಡವೇ? ಬಿಸಿನಾಡುಗಳ ಟ್ರಾಪಿಕಲ್ ಮಿಲ್ಕ್‌ವೀಡ್ ಕೂಡ ನರ್ಸರಿಗಳಲ್ಲಿ ಸಿಗುತ್ತದೆ, ಅದು ಶಿಕಾಗೊ ಚಳಿಗೆ ಉಳಿಯುವುದಿಲ್ಲ. ಹೋದ ವರ್ಷದ ಫೋಟೊ ಇದ್ದರೆ ನೋಡಿಕೊಳ್ಳಿ. ಕೆಂಪು ಹಳದಿ ಎರಡೂ ಇರುವ ಹೂ, ಕಾಂಡದ ಮೇಲೆ ಎದುರುಬದುರಾಗಿ ಜೋಡಿಸಿದ ನುಣುಪು ಎಲೆ ಇದ್ದರೆ ಅದು ಟ್ರಾಪಿಕಲ್. ಸಾಮಾನ್ಯವಾಗಿ ಒಂದೇ ಬಗೆಯ ಕಿತ್ತಳೆ ಹೂ, ರೋಮ ತುಂಬಿದ ಕಾಂಡ, ಒಂದಾದ ಮೇಲೊಂದರಂತೆ ಪರ್ಯಾಯವಾಗಿ ಮೂಡಿದ ಎಲೆ ಇದ್ದರೆ ಪ್ರೇರಿಯದು. ಎಲೆ ಮುರಿದರೆ ಇನ್ನೂ ಸ್ಪಷ್ಟವಾಗುತ್ತದೆ. ರಥಸಪ್ತಮಿಯ ಸ್ನಾನಕ್ಕೆ ಎಕ್ಕದೆಲೆ ಕಿತ್ತವರಿಗೆ ಅದರ ಬಿಳಿ ಹಾಲು ಗೊತ್ತಿರುತ್ತದೆ. ಎಕ್ಕದ ಬಳಗದ ಟ್ರಾಪಿಕಲ್ ಗಿಡದಲ್ಲೂ ಹಾಗೆಯೇ ಹಾಲು ಒಸರುತ್ತದೆ, ಅದೇ ಬಳಗದ ಬಟರ್‌ಫ್ಲೈ ವೀಡ್‌ನಲ್ಲಿ ಮಾತ್ರ ತಿಳಿಯಾದ ರಸವಷ್ಟೇ.

ಗಿಡ ಚಿಗುರಿದರೆ ಜಾಗ ಬದಲಿಸುವ ಯೋಚನೆ ಬೇಡ, ತಾಯಿಬೇರು ತುಂಡಾದರೆ ಅದು ಚೇತರಿಸಿಕೊಳ್ಳುವುದು ಕಷ್ಟ. ಚಿಗುರದಿದ್ದರೆ ಬೀಜದಿಂದ ಹೊಸದಾಗಿ ಬೆಳೆಸುವುದು ಅಗ್ಗದ ದಾರಿ. ಬೀಜಕ್ಕೆ ಶೀತದ ಅನುಭವ ಬೇಕಾದ್ದರಿಂದ ಅದನ್ನು ಒದ್ದೆ ಮರಳಿನಲ್ಲಿ ಬೆರೆಸಿ ಒಂದು ತಿಂಗಳಾದರೂ ಫ್ರಿಜ್‌ನಲ್ಲಿಡಿ, ಇಲ್ಲವೇ ನವೆಂಬರ್‌ನಲ್ಲಿ ನೇರವಾಗಿ ಮಡಿಗೆ ಬಿತ್ತಿ ಹಿಮಕ್ಕೆ ಒಪ್ಪಿಸಿ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ಆ ನಡುವೆ ಎಲೆಗಳನ್ನು ಮೊನಾರ್ಕ್ ಚಿಟ್ಟೆಯ ಹಳದಿ, ಕಪ್ಪು, ಬಿಳಿ ಪಟ್ಟೆಯ ಹುಳು ತಿಂದರೆ ಔಷಧಿ ಹೊಡೆಯಬೇಡಿ. ಎಳೆಯ ತುದಿಗಳಿಗೆ ಮುತ್ತುವ ಹಳದಿ ಹೇನುಗಳನ್ನು, ಚಿಟ್ಟೆಯ ಮೊಟ್ಟೆಗಳಿವೆಯೇ ಎಂದು ನೋಡಿಕೊಂಡು, ಪೈಪಿನ ನೀರಿನ ರಭಸದಿಂದ ಉದುರಿಸಿದರೆ ಸಾಕು.