ಜೋರಾಗಿ ನುಡಿದದ್ದೇ ಗೆಲ್ಲುತ್ತದೆ

ಎರಡು ದುಬಾರಿ ಹೆಡ್‌ಫೋನ್‌ಗಳನ್ನು ಮುಂದಿಟ್ಟು “ಇವೆರಡರಲ್ಲಿ ಯಾವುದು ಮೇಲು?” ಎಂದು ಕೇಳುವವರಿಗೆ ನಾನು ಒಂದು ಸಣ್ಣ ಮೋಸ ಮಾಡುತ್ತೇನೆ. ಒಂದರ ಸದ್ದನ್ನು ಒಂದೆರಡು ಡೆಸಿಬಲ್ ಏರಿಸಿ ಕೇಳಿಸುತ್ತೇನೆ. “ಇದು ಜೋರಾಗಿದೆ” ಎನ್ನುವವರು ಕಡಿಮೆ. “ಇದರಲ್ಲಿ ವಿವರ ಹೆಚ್ಚು, ಬೇಸ್ ತುಂಬಿಕೊಂಡಿದೆ” ಎನ್ನುವವರೇ ಬಹಳ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನು ಏರಿಸಿದರೆ ತೀರ್ಪೂ ಮಗುಚಿ ಬೀಳುತ್ತದೆ.

ಇದರಲ್ಲಿ ಕೇಳುಗರ ತಪ್ಪೇನಿಲ್ಲ, ಕಿವಿ ಇರುವುದೇ ಹಾಗೆ. ಸದ್ದು ತಗ್ಗುತ್ತ ಹೋದಂತೆ ಮಂದ್ರದ ಸ್ವರಗಳು ಉಳಿದವಕ್ಕಿಂತ ಬೇಗ ಮಂಕಾಗುತ್ತವೆ ಎಂಬುದನ್ನು ಧ್ವನಿ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು.

ನನ್ನ ಮೋಸವೂ ಬೇಕಿಲ್ಲ, ಅದು ತಾನಾಗಿಯೇ ನಡೆದುಹೋಗುತ್ತದೆ. ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನಿನ ಇಂಪೆಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, 300 ಓಮ್, ಆಡೆಝೆ ಎಲ್‌ಸಿಡಿ-ಎಕ್ಸ್‌ನದು 20. ಆಂಪ್ಲಿಫೈಯರಿನ ಗುಂಡಿ ಮುಟ್ಟದೆ ಮೊದಲನೆಯದನ್ನು ಕಿತ್ತು ಎರಡನೆಯದನ್ನು ಸಿಕ್ಕಿಸಿದರೆ ಸದ್ದು ಕಿವಿಗೆ ಅಪ್ಪಳಿಸುತ್ತದೆ. ಗಾಬರಿಯಿಂದ ಗುಂಡಿ ತಿರುಗಿಸಿ ಅಂದಾಜಿನ ಮೇಲೆ ನಿಲ್ಲಿಸುತ್ತೇವೆ. ಎರಡು ಮೂರು ಡೆಸಿಬಲ್‌ಗಳ ವ್ಯತ್ಯಾಸ ಆ ಅಂದಾಜಿನೊಳಗೇ ಅಡಗಿ ಕೂತಿರುತ್ತದೆ. ಆದ್ದರಿಂದ ಮೊದಲು ಪಿಂಕ್ ನಾಯ್ಸ್ ಹಾಕಿ. ದೂರದ ಜಲಪಾತದ ಮೊರೆತದಂತಹ ಸದ್ದು ಅದು. ಎರಡರಲ್ಲೂ ಅದು ಸಮನಾಗಿ ಕೇಳುವವರೆಗೆ ಹೊಂದಿಸಿ, ಗುಂಡಿ ನಿಂತ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಬೇಸರದ ಕೆಲಸವೇ ಸರಿ. ಆದರೆ ಅದನ್ನು ಮಾಡದವರ ವಿಮರ್ಶೆಯನ್ನು ನಾನು ಓದಲು ಹೋಗುವುದಿಲ್ಲ.

ಆಮೇಲೆ ಉಳಿಯುವುದು ನಿಜವಾದ ವ್ಯತ್ಯಾಸ. 2009ರಲ್ಲಿ ಬಂದ ಸೆನ್‌ಹೈಸರ್‌ನದೇ ಎಚ್‌ಡಿ 800 ವಾದ್ಯಗಳನ್ನು ಒಂದರಿಂದೊಂದು ದೂರ ಕೂರಿಸಿ ಕೇಳಿಸುತ್ತದೆ, ನಿಜ. ಆದರೆ 6 ಕಿಲೊಹರ್ಟ್ಸ್ ಆಸುಪಾಸಿನಲ್ಲಿ ಅದಕ್ಕೊಂದು ಚೂಪು ಇದೆ. ಹಾಡುವವರ ಸಕಾರ ಚುಚ್ಚಿದಂತಾದರೆ, ಪಿಟೀಲಿನ ಕಮಾನು ಕೆರೆದಂತೆ ಕೇಳಿದರೆ ಕಾರಣ ಅದೇ. ನಂತರ ಬಂದ 800 ಎಸ್ ಮಾದರಿಯಲ್ಲಿ ಅದನ್ನು ಪಳಗಿಸಲೆಂದೇ ಕಿವಿ ಮುಚ್ಚುವ ಬಟ್ಟಲಿನೊಳಗೆ ಸದ್ದು ಹೀರುವ ಒಂದು ವ್ಯವಸ್ಥೆ ಸೇರಿಸಿದರು. ಎಲ್‌ಸಿಡಿ-ಎಕ್ಸ್ ಪ್ಲೇನಾರ್ ಜಾತಿಯದು: ಆಯಸ್ಕಾಂತಗಳ ಮುಂದೆ ಹಿಗ್ಗಿಸಿ ಕಟ್ಟಿದ ತೆಳುವಾದ ಹಾಳೆ ಇಡಿಯಾಗಿ ಅದುರುತ್ತದೆ. ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರಗಳನ್ನು ಎಚ್‌ಡಿ 600 ಮೃದುವಾಗಿ ಕೈಬಿಡುವ ಕಡೆ ಇದು ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ. ಕೇಬಲ್ ಬದಲಿಸಿ ಇಂತಹ ಬದಲಾವಣೆ ಕೇಳಿದ್ದೇನೆ ಎನ್ನುವವರ ಜೊತೆ ವಾದಕ್ಕೆ ನಾನಿಲ್ಲ. ಸವೆದ ಕಿವಿದಿಂಬು ತಂದೊಡ್ಡುವ ಬದಲಾವಣೆ ಮಾತ್ರ ಯಾರಿಗೂ ಕೇಳುತ್ತದೆ.

ಇನ್ನು ಕುತ್ತಿಗೆಯನ್ನೂ ಒಂದು ಮಾತು ಕೇಳಬೇಕು. ಎಚ್‌ಡಿ 600 ಸುಮಾರು 260 ಗ್ರಾಂ ತೂಗಿದರೆ ಎಲ್‌ಸಿಡಿ-ಎಕ್ಸ್ 600 ಗ್ರಾಂ ದಾಟುತ್ತದೆ. ಐದು ನಿಮಿಷದಲ್ಲಿ ಇದು ತಿಳಿಯುವುದಿಲ್ಲ. ಒಂದು ಪೂರ್ತಿ ಆಲ್ಬಮ್ ಮುಗಿಯುವವರೆಗೆ ತೊಟ್ಟು ಕೂತು ನೋಡಿ.